ಹಳೇ ಕಾರಿನ ರೇಡಿಯೇಟರ್‌ಗೆ ನೀರಿನ ಬಾಟಲಿ ಕಟ್ಟಿದರೆ ಎಂಜಿನ್ ಕುದಿಯುವುದೇ ಇಲ್ಲವೇ?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಒಂದು ನಿಮಿಷಕ್ಕೂ ಕಡಿಮೆ. ಬಾನೆಟ್ ಎತ್ತಿ ನಿಲ್ಲಿಸಿದ ಹಳೆಯ ಅಂಬಾಸಿಡರ್ ಕಾರು, ರೇಡಿಯೇಟರ್ ಪಕ್ಕದಲ್ಲಿ ತಂತಿ ಸುತ್ತಿ ಕಟ್ಟಿದ ಒಂದು ಲೀಟರ್ ನೀರಿನ ಬಾಟಲಿ, ರೇಡಿಯೇಟರ್ ಬಾಯಿಯ ಪಕ್ಕದಿಂದ ಹೊರಟು ಬಾಟಲಿಯ ಮುಚ್ಚಳದೊಳಗೆ ತೂರಿಕೊಂಡ ಸಣ್ಣ ರಬ್ಬರ್ ಪೈಪ್. ಹಿನ್ನೆಲೆಯ ಧ್ವನಿ ಮೂರು ಮಾತು ಹೇಳುತ್ತದೆ. ಹೀಗೆ ಮಾಡಿದರೆ ಎಷ್ಟು ದೂರ ಓಡಿಸಿದರೂ ಎಂಜಿನ್ ಕುದಿಯುವುದಿಲ್ಲ. ಇನ್ನು ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ನೋಡುವ ಅಗತ್ಯವೇ ಇಲ್ಲ. ಕೂಲಂಟ್ ಅನ್ನುವುದು ಚಳಿ ದೇಶದವರಿಗೆ, ನಮಗೆ ಬರೀ ನೀರು ಸಾಕು. ಕೊನೆಯಲ್ಲಿ ಎಂದಿನಂತೆ, ಎಲ್ಲರಿಗೂ ಶೇರ್ ಮಾಡಿ.

ಹಾಸನದಲ್ಲಿರುವ ನಮ್ಮ ದೊಡ್ಡಪ್ಪನ ಹತ್ತಿರ 1986ರ ಅಂಬಾಸಿಡರ್ ಇದೆ. ವಿಡಿಯೋ ಬಂದ ಮರುದಿನವೇ ಅವರು ತಾವೇ ಕೂತು ಬಾಟಲಿ ಕಟ್ಟಿಕೊಂಡರು, ಫೋಟೋ ಕೂಡ ಕಳಿಸಿದರು. ಅದಕ್ಕೆ ಹನ್ನೊಂದು ಹೆಬ್ಬೆಟ್ಟು ಬಿದ್ದವು, ಅದರಲ್ಲಿ ಒಂದು ನನ್ನದೂ. ಎರಡು ವಾರದ ಮೇಲೆ ಶಿರಾಡಿ ಘಾಟಿ ಇಳಿದು ಹತ್ತಿ ಬಂದವರು ಫೋನ್ ಮಾಡಿದರು. "ನೋಡು ಮಗ, ಬಾಟ್ಲಿ ತುಂಬ ನೀರೈತೆ, ರೇಡಿಯೇಟ್ರಲ್ಲಿ ನೋಡುದ್ರೆ ಬೆರಳಿಗೂ ಸಿಗ್ತಿಲ್ಲ. ಇದ್ಯಾವ ಸೀಮೆ ಲೆಕ್ಕ?"

ನಾನು ಮೆಕ್ಯಾನಿಕ್ ಅಲ್ಲ. ಓದಿದ್ದು ಸಂವಹನ, ಕೆಲಸ ಇಂಥ ಫಾರ್ವರ್ಡ್‌ಗಳ ಬೆನ್ನು ಹತ್ತುವುದು. ಆದರೆ ದೊಡ್ಡಪ್ಪ ಕೇಳಿದ್ದು ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಆ ವಿಡಿಯೋದಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದೂ ಗೊತ್ತಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಹಳೇ ಕಾರಿಗೆ ಕೂಲಂಟ್ ಟ್ಯಾಂಕ್ ಹಾಕಿಸುವುದು ತಪ್ಪಲ್ಲ, ಸರಿಯಾಗಿ ಹಾಕಿಸಿದರೆ ಒಳ್ಳೆಯದೇ. ಆದರೆ ಅದು ಎಂಜಿನ್ನನ್ನು ತಂಪು ಮಾಡುವುದಿಲ್ಲ. ವಿಡಿಯೋದಲ್ಲಿ ತೋರಿಸಿದ ಹಾಗೆ ಹಾಕಿದರೆ ಎಂಜಿನ್ನಿಗೂ ಅಪಾಯ, ಮನೆಯ ಮಕ್ಕಳಿಗೂ ಅಪಾಯ.

ನೀರು ಹೊರಗೆ ಬರುವುದೇಕೆ?

ಹಳೇ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ದೃಶ್ಯ ಇದು. ಬೆಳಗ್ಗೆ ರೇಡಿಯೇಟರ್ ಬಾಯಿಯವರೆಗೆ ನೀರು ತುಂಬಿಸಿ ಹೊರಡುತ್ತೀರಿ. ಊರು ತಲುಪಿ ಕಾರು ನಿಲ್ಲಿಸಿದರೆ ಮುಂದಿನ ಚಕ್ರದ ಹತ್ತಿರ ಒಂದಿಷ್ಟು ನೀರು ಚೆಲ್ಲಿರುತ್ತದೆ. ಮರುದಿನ ಮುಚ್ಚಳ ತೆಗೆದರೆ ಮಟ್ಟ ಇಳಿದಿರುತ್ತದೆ. "ಅಯ್ಯೋ, ನೀರು ಕುಡೀತಿದೆ" ಎಂದು ಮತ್ತೆ ತುಂಬಿಸುತ್ತೀರಿ. ಮತ್ತೆ ಚೆಲ್ಲುತ್ತದೆ.

ಇದು ಸೋರಿಕೆಯೇ ಆಗಿರಬೇಕೆಂದಿಲ್ಲ. ನೀರು ಬಿಸಿಯಾದರೆ ಹಿಗ್ಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಿಂದ 90 ಡಿಗ್ರಿಗೆ ಏರಿದರೆ ಅದರ ಗಾತ್ರ ಸುಮಾರು ಶೇ. 3.3ರಷ್ಟು ಹೆಚ್ಚುತ್ತದೆ. ನಿಮ್ಮ ಕಾರಿನ ಎಂಜಿನ್, ರೇಡಿಯೇಟರ್, ಹೋಸ್ ಎಲ್ಲ ಸೇರಿ ಏಳು ಲೀಟರ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಬಿಸಿಯಾದಾಗ ಅದಕ್ಕೆ ಇನ್ನೂ 230 ಮಿ.ಲೀ. ಜಾಗ ಬೇಕು, ಅಂದರೆ ಒಂದು ದೊಡ್ಡ ಲೋಟದಷ್ಟು. ಕೂಲಂಟ್ ಬೆರೆಸಿದ್ದರೆ ಇನ್ನೂ ಸ್ವಲ್ಪ ಹೆಚ್ಚು.

ಹಳೆಯ ಕಾರುಗಳ ವಿನ್ಯಾಸಕಾರರಿಗೆ ಇದು ಗೊತ್ತಿತ್ತು. ಅಂಬಾಸಿಡರ್‌ನ ಮೂಲ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3, ಪ್ರೀಮಿಯರ್ ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಎರಡೂ 1950-60ರ ದಶಕದ ಯೋಚನೆಗಳು. ಆ ಕಾಲದ ರೇಡಿಯೇಟರ್‌ಗಳಲ್ಲಿ ಮೇಲಿನ ಡಬ್ಬಿಯನ್ನು ಪೂರ್ತಿ ತುಂಬಿಸಬಾರದು, ಬಾಯಿಯಿಂದ ಎರಡು ಬೆರಳಿನಷ್ಟು ಜಾಗ ಬಿಡಬೇಕು ಎಂಬ ಲೆಕ್ಕವಿತ್ತು. ಆ ಖಾಲಿ ಜಾಗವೇ ನೀರು ಹಿಗ್ಗಲು ಬಿಟ್ಟ ಅಂಗಳ. ಅಂಗಳವನ್ನೂ ತುಂಬಿಸಿದರೆ ಹೆಚ್ಚಾದದ್ದು ಪಕ್ಕದ ಸಣ್ಣ ಕೊಳವೆಯಿಂದ ರಸ್ತೆಗೆ ಹೋಗುತ್ತದೆ. ಅಂದರೆ ಕಾರು ತನಗೆ ಬೇಕಾದ ಮಟ್ಟವನ್ನು ತಾನೇ ಕಂಡುಕೊಳ್ಳುತ್ತದೆ. ನೀವು ತುಂಬುತ್ತೀರಿ, ಅದು ಉಗುಳುತ್ತದೆ. ಈ ಜಗಳ ವರ್ಷಗಟ್ಟಲೆ ನಡೆಯಬಹುದು. ಒಂದು ವಾರ ತುಂಬಿಸದೆ ಸುಮ್ಮನೆ ನೋಡಿ. ತಣ್ಣಗಿದ್ದಾಗ ಮಟ್ಟ ಒಂದೇ ಕಡೆ ನಿಂತಿದ್ದರೆ, ರೇಡಿಯೇಟರ್ ಕೊಳವೆಗಳ ಮೇಲ್ತುದಿ ನೀರಿನಲ್ಲಿ ಮುಳುಗಿದ್ದರೆ, ನಿಮ್ಮ ಕಾರಿಗೆ ಯಾವ ಬಾಟಲಿಯೂ ಇಲ್ಲದೆ ನಡೆಯುತ್ತದೆ.

ಮುಂದೆ ಬಂದ ಕಾರುಗಳಲ್ಲಿ ಆ ನೀರನ್ನು ರಸ್ತೆಗೆ ಚೆಲ್ಲುವ ಬದಲು ಹಿಡಿದಿಟ್ಟು ವಾಪಸ್ ಕೊಡುವ ಏರ್ಪಾಟು ಬಂತು. 1961ರಲ್ಲಿ ಫ್ರಾನ್ಸಿನಲ್ಲಿ ಬಿಡುಗಡೆಯಾದ ರೆನೋ 4, ಇಂಥ ಮುಚ್ಚಿದ ವ್ಯವಸ್ಥೆಯನ್ನು ಸಾಮಾನ್ಯರ ಕಾರಿಗೆ ತಂದ ಮೊದಲಿಗರಲ್ಲಿ ಒಂದು. ಈಗಿನ ಎಲ್ಲ ಕಾರುಗಳಲ್ಲೂ ಬಾನೆಟ್ ಕೆಳಗೆ ಗೀಟು ಎಳೆದ ಒಂದು ಬಿಳಿ ಪ್ಲಾಸ್ಟಿಕ್ ಟ್ಯಾಂಕ್ ಕಾಣುತ್ತದಲ್ಲ, ಅದೇ. ಹಳೇ ಕಾರಿಗೆ ಅದನ್ನು ಜೋಡಿಸುವ ಯೋಚನೆ ಹೊಸದೂ ಅಲ್ಲ, ಮೂರ್ಖತನವೂ ಅಲ್ಲ. ಆದರೆ ಆ ಟ್ಯಾಂಕ್ ಒಂಟಿಯಾಗಿ ಕೆಲಸ ಮಾಡುವುದಿಲ್ಲ.

ಮುಚ್ಚಳದೊಳಗಿನ ಎರಡು ಬಾಗಿಲು

ರೇಡಿಯೇಟರ್ ಮುಚ್ಚಳ ನೋಡಲು ಉಪ್ಪಿನಕಾಯಿ ಜಾಡಿಯ ಮುಚ್ಚಳದ ಹಾಗಿದ್ದರೂ ಒಳಗೆ ಎರಡು ವಾಲ್ವ್ ಇರುತ್ತವೆ.

ದೊಡ್ಡದು ಸ್ಪ್ರಿಂಗ್ ಹಾಕಿದ ಒತ್ತಡದ ವಾಲ್ವ್. ಒಳಗಿನ ಒತ್ತಡ ಒಂದು ಮಿತಿ ಮುಟ್ಟುವವರೆಗೆ ಇದು ಬಾಯಿಯನ್ನು ಬಿಗಿಯಾಗಿ ಮುಚ್ಚಿರುತ್ತದೆ. ಪ್ರೆಶರ್ ಕುಕ್ಕರಿನ ವೆಯ್ಟ್ ಮಾಡುವ ಕೆಲಸವೇ ಇದು. ಒತ್ತಡ ಹೆಚ್ಚಿದರೆ ನೀರು ಕುದಿಯುವ ಬಿಂದುವೂ ಮೇಲೇರುತ್ತದೆ, ಒಂದು ಪಿಎಸ್‌ಐ ಒತ್ತಡಕ್ಕೆ ಅಂದಾಜು ಒಂದೂವರೆ ಡಿಗ್ರಿಯಷ್ಟು. ಮಂಗಳೂರಿನಂಥ ಸಮುದ್ರ ಮಟ್ಟದ ಊರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕುದಿಯುತ್ತದೆ, 7 ಪಿಎಸ್‌ಐ ಮುಚ್ಚಳ ಹಾಕಿದರೆ 111ರವರೆಗೆ ತಡೆಯುತ್ತದೆ.

ನಮ್ಮ ಮೇಲ್ನಾಡಿನ ಊರುಗಳಿಗೆ ಈ ಮುಚ್ಚಳ ಇನ್ನೂ ಮುಖ್ಯ. ಬೆಂಗಳೂರು, ಹಾಸನ ಎರಡೂ ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿವೆ. ಇಲ್ಲಿ ತೆರೆದ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ನಂದಿ ಬೆಟ್ಟದ ತುದಿಯಲ್ಲಿ ಸುಮಾರು 95ಕ್ಕೆ. ರಬ್ಬರ್ ಹೋದ ಹಳೇ ಮುಚ್ಚಳ ಹಾಕಿಕೊಂಡು ಬೆಟ್ಟ ಹತ್ತಿದರೆ ಎಂಜಿನ್ ಹೆಚ್ಚು ಬಿಸಿಯಾಗಿರದಿದ್ದರೂ ನೀರು ಕುದಿದು ಉಕ್ಕಬಹುದು.

ಚಿಕ್ಕದು ನಿರ್ವಾತದ ವಾಲ್ವ್. ಮುಚ್ಚಳ ತಿರುಗಿಸಿ ನೋಡಿದರೆ ನಟ್ಟನಡುವೆ ಒಂದು ಪುಟ್ಟ ಹಿತ್ತಾಳೆ ಬಿಲ್ಲೆ ಕಾಣುತ್ತದೆ. ಇದು ಒಳಮುಖವಾಗಿ ಮಾತ್ರ ತೆರೆಯುತ್ತದೆ. ಎಂಜಿನ್ ತಣಿದಾಗ ನೀರು ಕುಗ್ಗುತ್ತದೆ, ಒಳಗೆ ಒತ್ತಡ ಬೀಳುತ್ತದೆ, ಈ ಬಿಲ್ಲೆ ತೆರೆದು ಹೊರಗಿನದ್ದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪೈಪಿನ ಇನ್ನೊಂದು ತುದಿ ಗಾಳಿಯಲ್ಲಿದ್ದರೆ ಗಾಳಿ ಬರುತ್ತದೆ, ನೀರಿನಲ್ಲಿ ಮುಳುಗಿದ್ದರೆ ನೀರು ಬರುತ್ತದೆ. ಈ ಬಿಲ್ಲೆ ಅಂಟಿಕೊಂಡು ತೆರೆಯದಿದ್ದರೆ ತಣಿದ ಮೇಲೆ ರೇಡಿಯೇಟರ್‌ನ ಮೇಲಿನ ಹೋಸ್ ಒಣಗಿದ ಮಾವಿನಕಾಯಿಯ ಹಾಗೆ ಚಪ್ಪಟೆಯಾಗಿರುತ್ತದೆ. ಹಾಗೆ ಕಂಡರೆ ಹೋಸ್ ಬದಲಿಸುವ ಮೊದಲು ಮುಚ್ಚಳ ನೋಡಿ.

ಬಿಸಿಯಾದಾಗ ಹೊರಗೆ, ತಣಿದಾಗ ಒಳಗೆ. ಕೂಲಂಟ್ ಟ್ಯಾಂಕಿನ ಕೆಲಸ ಇಷ್ಟೇ.

ದೊಡ್ಡಪ್ಪನ ಬಾಟಲಿ ತುಂಬಿದ್ದು ಹೇಗೆ?

ದೊಡ್ಡಪ್ಪನ ಕಾರಿನಲ್ಲಿ ನೀರು ಹೊರಗೆ ಹೋಯಿತು, ಒಳಗೆ ಬರಲಿಲ್ಲ. ವಿಡಿಯೋದಲ್ಲಿ ಹೇಳದೇ ಬಿಟ್ಟ ಒಂದು ಸಣ್ಣ ರಬ್ಬರ್ ವಾಷರೇ ಇದಕ್ಕೆ ಕಾರಣ.

ನೀರನ್ನು ರಸ್ತೆಗೆ ಬಿಡುವ ಹಳೇ ಕಾರುಗಳ ಮುಚ್ಚಳದಲ್ಲಿ ಸಾಮಾನ್ಯವಾಗಿ ಒಂದೇ ರಬ್ಬರ್ ಇರುತ್ತದೆ, ಕೆಳಗಿನ ಒತ್ತಡದ ವಾಲ್ವಿನದು. ಮೇಲಿನ ಅಂಚು ರೇಡಿಯೇಟರ್ ಬಾಯಿಯ ಮೇಲೆ ತಗಡಿಗೆ ತಗಡು ತಾಗಿ ಕೂತಿರುತ್ತದೆ, ಅಲ್ಲಿ ಗಾಳಿ ನುಸುಳುವಷ್ಟು ಸಂದು ಇರುತ್ತದೆ. ನೀರು ರಸ್ತೆಗೆ ಹೋಗುವುದಾದರೆ ಈ ಸಂದಿನಿಂದ ಏನೂ ತೊಂದರೆಯಿಲ್ಲ. ಬಾಟಲಿಯಿಂದ ನೀರು ವಾಪಸ್ ಬರಬೇಕೆಂದರೆ ತೊಂದರೆ. ಎಂಜಿನ್ ತಣಿದು ಎಳೆಯತೊಡಗಿದಾಗ, ಪೈಪಿನುದ್ದಕ್ಕೂ ಏರಿ ಬರಬೇಕಾದ ನೀರಿಗಿಂತ ಪಕ್ಕದ ಸಂದಿನ ಗಾಳಿ ಸುಲಭವಾಗಿ ಸಿಗುತ್ತದೆ. ಸ್ಟ್ರಾದಲ್ಲಿ ತೂತು ಬಿದ್ದರೆ ಎಳನೀರು ಬಾಯಿಗೆ ಬಾರದೆ ಬರೀ ಗಾಳಿ ಬರುತ್ತದಲ್ಲ, ಹಾಗೆ.

ಟ್ಯಾಂಕ್ ಇರುವ ಕಾರುಗಳ ಮುಚ್ಚಳದಲ್ಲಿ ಮೇಲಿನ ಅಂಚಿನ ಒಳಗೂ ಇನ್ನೊಂದು ರಬ್ಬರ್ ವಾಷರ್ ಇರುತ್ತದೆ. ಅದು ಬಾಯಿಯನ್ನು ಮೇಲಿನಿಂದ ಗಾಳಿಯಾಡದಂತೆ ಮುಚ್ಚುತ್ತದೆ. ಟ್ಯಾಂಕ್ ಹಾಕಿ ಮುಚ್ಚಳ ಹಳೆಯದನ್ನೇ ಬಿಟ್ಟರೆ ನೀರಿಗೆ ಹೋಗುವ ದಾರಿ ಇದೆ, ಬರುವ ದಾರಿ ಇಲ್ಲ.

ಹೀಗಾದರೂ ಕಾಲು ಲೀಟರ್ ನೀರು ಹೊರಗೆ ಹೋಗಿ ಅಲ್ಲಿಗೆ ನಿಲ್ಲಬೇಕಿತ್ತು. ದೊಡ್ಡಪ್ಪನ ರೇಡಿಯೇಟರ್ ಅಷ್ಟೊಂದು ಖಾಲಿಯಾಗಲು ಇನ್ನೊಂದು ಕಾರಣವಿತ್ತು. ಅವರ ಫ್ಯಾನ್ ಬೆಲ್ಟ್ ಸಡಿಲವಾಗಿತ್ತು. ಘಾಟಿ ಹತ್ತುವಾಗ ಬೆಲ್ಟ್ ಜಾರಿ ಫ್ಯಾನೂ ವಾಟರ್ ಪಂಪೂ ನಿಧಾನವಾಗಿವೆ, ನೀರು ಕುದಿದಿದೆ, ಆವಿ ಒಳಗಿನ ನೀರನ್ನು ಬಾಟಲಿಗೆ ತಳ್ಳಿದೆ. ಬಾಟಲಿ ಇಲ್ಲದಿದ್ದರೆ ಆ ನೀರು ರಸ್ತೆಯಲ್ಲಿ ಚೆಲ್ಲಿ ಕಣ್ಣಿಗೆ ಬೀಳುತ್ತಿತ್ತು. ಬಾಟಲಿ ಅದನ್ನು ಮುಚ್ಚಿಟ್ಟಿತು. ಮುಚ್ಚಳ ತೆಗೆಯಬೇಡಿ ಎಂದು ವಿಡಿಯೋ ಹೇಳಿದ್ದರಿಂದ ಅವರು ಎರಡು ವಾರ ಬಾಟಲಿಯನ್ನಷ್ಟೇ ನೋಡಿದರು. ಬಾಟಲಿ ತುಂಬಿಯೇ ಇತ್ತು.

ಇಲ್ಲಿ ಇನ್ನೊಂದು ಅಪಾಯವಿದೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಅಳೆಯುವುದು ಸೆನ್ಸರಿಗೆ ತಾಗಿದ ನೀರಿನ ಬಿಸಿಯನ್ನು. ನೀರು ಇಳಿದು ಸೆನ್ಸರ್ ಬರೀ ಗಾಳಿಯಲ್ಲೋ ಆವಿಯಲ್ಲೋ ಉಳಿದರೆ ಮುಳ್ಳು ಕೆಳಗೇ ಇರಬಹುದು, ಅತ್ತ ಎಂಜಿನ್ ಸುಡುತ್ತಿರಬಹುದು. ಹೆಡ್ ಗ್ಯಾಸ್ಕೆಟ್ ಸುಟ್ಟಿತೆಂದರೆ ಎಂಜಿನ್ ಬಿಚ್ಚಬೇಕು. ಬಿಡಿಭಾಗ ಹುಡುಕಿ ತರಬೇಕಾದ ಕಾರಿಗೆ ಅದು ಸಣ್ಣ ಖರ್ಚಲ್ಲ.

ಹಾಗಾದರೆ ಬಾಟಲಿಯಿಂದ ಎಂಜಿನ್ ತಂಪಾಗುವುದಿಲ್ಲವೇ?

ಇಲ್ಲ. ಲೆಕ್ಕ ಹಾಕಿ ನೋಡೋಣ. ಅರ್ಧ ಲೀಟರ್ ನೀರನ್ನು 30 ಡಿಗ್ರಿಯಿಂದ 90 ಡಿಗ್ರಿಗೆ ಬಿಸಿ ಮಾಡಲು 126 ಕಿಲೋಜೂಲ್ ಶಾಖ ಸಾಕು. ಅಂಬಾಸಿಡರ್‌ನ ಸುಮಾರು 1,500 ಸಿಸಿ ಪೆಟ್ರೋಲ್ ಎಂಜಿನ್ ಘಾಟಿ ಹತ್ತುವಾಗ ನೀರಿಗೆ ಬಿಟ್ಟುಕೊಡುವ ಶಾಖ ಸೆಕೆಂಡಿಗೆ ಅಂದಾಜು 15ರಿಂದ 20 ಕಿಲೋಜೂಲ್. ಬಾಟಲಿಯ ನೀರೆಲ್ಲ ಎಂಜಿನ್ನಿಗೇ ಹೋದರೂ ಅದರ ತಂಪು ಹತ್ತು ಸೆಕೆಂಡೂ ಬಾಳುವುದಿಲ್ಲ. ಮೇಲಾಗಿ, ಓಡುವಾಗ ಆ ನೀರು ಎಂಜಿನ್ನಿಗೆ ಹೋಗುವುದೂ ಇಲ್ಲ. ಅದು ಒಳಗೆ ಬರುವುದು ಕಾರು ನಿಲ್ಲಿಸಿ ತಣಿದ ಮೇಲೆ. ಶಾಖವನ್ನು ಗಾಳಿಗೆ ಬಿಡುವುದು ರೇಡಿಯೇಟರ್ ಮತ್ತು ಫ್ಯಾನ್, ಬಾಟಲಿ ಅಲ್ಲ.

ಅದರಿಂದ ಸಿಗುವ ಲಾಭ ಬೇರೆ. ರೇಡಿಯೇಟರ್ ಯಾವಾಗಲೂ ಪೂರ್ತಿ ತುಂಬಿರುತ್ತದೆ. ಒಳಗೆ ಗಾಳಿ ಸೇರದ್ದರಿಂದ ತುಕ್ಕು ಕಡಿಮೆ. ದುಡ್ಡು ಕೊಟ್ಟು ಹಾಕಿಸಿದ ಕೂಲಂಟ್ ರಸ್ತೆ ಪಾಲಾಗುವುದಿಲ್ಲ. ಮಟ್ಟ ಏರಿಳಿಯುವುದನ್ನು ಮುಚ್ಚಳ ತೆಗೆಯದೆ ಹೊರಗಿನಿಂದಲೇ ಗಮನಿಸಬಹುದು. ಇವೆಲ್ಲ ನಿಜವಾದ ಲಾಭಗಳೇ.

ಕಾರು ನಿಜಕ್ಕೂ ಬಿಸಿಯಾಗುತ್ತಿದ್ದರೆ ನೋಡಬೇಕಾದ ಜಾಗಗಳು ಬೇರೆ: ಫ್ಯಾನ್ ಬೆಲ್ಟ್, ಥರ್ಮೋಸ್ಟಾಟ್, ವಾಟರ್ ಪಂಪ್, ಕೆಳಗಿನ ಹೋಸ್, ಇಗ್ನಿಷನ್ ಟೈಮಿಂಗ್, ಹೆಡ್ ಗ್ಯಾಸ್ಕೆಟ್. ನಮ್ಮಲ್ಲಿ ಬಹಳ ಸಲ ತಪ್ಪಿತಸ್ಥ ರೇಡಿಯೇಟರಿನ ಒಳಗೇ ಇರುತ್ತಾನೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ ರೇಡಿಯೇಟರ್ ಕೊಳವೆಗಳಲ್ಲಿ, ಸ್ನಾನದ ಹಂಡೆಯ ಒಳಗೆ ಕಟ್ಟುವಂಥದೇ ಬಿಳಿ ಪದರ ಕಟ್ಟಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಗಡಸು ನೀರು ಕುಡಿದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ರೇಡಿಯೇಟರನ್ನು ಬಿಚ್ಚಿ ಒಳಗೆ ಸ್ವಚ್ಛ ಮಾಡಿಸಬೇಕು. ಬಾಟಲಿ ಕಟ್ಟಿದರೆ ಪದರ ಕರಗುವುದಿಲ್ಲ.

ಕೂಲಂಟ್ ಚಳಿ ದೇಶಕ್ಕೆ ಮಾತ್ರವೇ?

ಈ ಮಾತಿಗೆ ಒಂದು ಬೇರು ಇದೆ. ಕೂಲಂಟಿನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲ್ ಬಳಕೆಗೆ ಬಂದದ್ದು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಎಂಜಿನ್ ಒಡೆಯುವುದನ್ನು ತಡೆಯಲು. ಹಾಸನದಲ್ಲಿ ಆ ಭಯವಿಲ್ಲ. ಶಾಖ ಹೊರುವುದರಲ್ಲಿ ಶುದ್ಧ ನೀರು ಕೂಲಂಟಿಗಿಂತ ಮೇಲು ಎಂಬುದೂ ನಿಜ.

ಆದರೆ ಕೂಲಂಟಿನಲ್ಲಿ ಗ್ಲೈಕಾಲ್ ಜೊತೆಗೆ ತುಕ್ಕು ತಡೆಯುವ ರಾಸಾಯನಿಕಗಳೂ ಇರುತ್ತವೆ. ಹಳೇ ಎಂಜಿನ್ನಿನ ಒಡಲು ಎರಕದ ಕಬ್ಬಿಣ, ರೇಡಿಯೇಟರ್ ತಾಮ್ರ ಮತ್ತು ಹಿತ್ತಾಳೆ, ನಡುವೆ ಬೆಸುಗೆ. ಬೇರೆ ಬೇರೆ ಲೋಹಗಳು ಒಂದೇ ನೀರಿನಲ್ಲಿ ಮುಳುಗಿದ್ದರೆ ತುಕ್ಕು ಬೇಗ ಹಿಡಿಯುತ್ತದೆ. ಬರೀ ನೀರು ಹಾಕಿದ ರೇಡಿಯೇಟರ್ ಮುಚ್ಚಳ ತೆಗೆದಾಗ ಕಾಣುವ ಕೆಂಪು ಚಹಾದಂಥ ನೀರು ಇದೇ ತುಕ್ಕು. ಜೊತೆಗೆ ನೀರು ಮತ್ತು ಗ್ಲೈಕಾಲ್ ಅರ್ಧಕ್ಕರ್ಧ ಬೆರೆಸಿದರೆ ಕುದಿಯುವ ಬಿಂದು ಆರೇಳು ಡಿಗ್ರಿ ಮೇಲೇರುತ್ತದೆ. ಕೂಲಂಟ್ ಹಾಕುವುದಾದರೆ ತಾಮ್ರ-ಹಿತ್ತಾಳೆಯ ರೇಡಿಯೇಟರಿಗೆ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಹಾಕಿ, ಬೆರೆಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ. ಬಣ್ಣ ನೋಡಿ ಜಾತಿ ತಿಳಿಯಲು ಹೋಗಬೇಡಿ. ಹಸಿರು, ಕೆಂಪು, ನೀಲಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ.

ಕುಡಿಯುವ ನೀರಿನ ಬಾಟಲಿ ಏಕೆ ಬೇಡ?

ಒಂದು ಕಾರಣ ಪ್ಲಾಸ್ಟಿಕ್ಕಿನದು. ನೀರಿನ ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ 70-80 ಡಿಗ್ರಿಯ ಹೊತ್ತಿಗೆ ಮೆತ್ತಗಾಗುತ್ತದೆ. ರೇಡಿಯೇಟರಿನಿಂದ ಬರುವ ನೀರು ಅದಕ್ಕಿಂತ ಬಿಸಿ. ಬಾಟಲಿ ಮುದುಡಿ, ಜಾರಿ, ಫ್ಯಾನಿಗೋ ಬೆಲ್ಟಿಗೋ ಸಿಕ್ಕಿಕೊಂಡರೆ ಅಲ್ಲಿಗೆ ಪ್ರಯಾಣ ಮುಗಿಯಿತು.

ಎರಡನೆಯ ಕಾರಣಕ್ಕಾಗಿಯೇ ನಾನು ಈ ಲೇಖನ ಬರೆಯಲು ಕೂತದ್ದು. ದೊಡ್ಡಪ್ಪನ ಮನೆಯ ಶೆಡ್ಡಿನಲ್ಲಿ ಇಂಥ ಎರಡು ಬಾಟಲಿಗಳಿದ್ದವು. ಒಂದು ಕಾರಿಗೆ ಕಟ್ಟಿದ್ದು. ಇನ್ನೊಂದರಲ್ಲಿ, ಮೇಲಿಂದ ಮೇಲೆ ಹಾಕಲು ಅನುಕೂಲವಾಗಲಿ ಎಂದು ಹಿಂದೆಂದೋ ತಂದಿದ್ದ ಹಸಿರು ಕೂಲಂಟ್ ತುಂಬಿಸಿ ಕಿಟಕಿಯ ಮೇಲೆ ಇಟ್ಟಿದ್ದರು. ನೋಡಲು ಶರಬತ್ತಿನ ಹಾಗೇ ಇತ್ತು. ರಜೆಗೆ ಬಂದ ಮೊಮ್ಮಕ್ಕಳು ಆಡುವುದು ಅದೇ ಶೆಡ್ಡಿನಲ್ಲಿ.

ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಮಕ್ಕಳು, ನಾಯಿಗಳು ಅದನ್ನು ಉಗುಳುವುದಿಲ್ಲ, ಇನ್ನೊಂದು ಗುಟುಕು ಕುಡಿಯುತ್ತವೆ. ಸುಮಾರು 100 ಮಿ.ಲೀ. ಶುದ್ಧ ಗ್ಲೈಕಾಲ್ ದೊಡ್ಡವರ ಪ್ರಾಣವನ್ನೇ ತೆಗೆಯಬಹುದು, ಮಕ್ಕಳಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಮೊದಲ ಕೆಲವು ಗಂಟೆ ಕುಡಿದವರ ಹಾಗೆ ತೂಕಡಿಕೆ, ತೊದಲು, ವಾಂತಿ. ದೇಹದೊಳಗೆ ಅದು ಆಕ್ಸಾಲಿಕ್ ಆಮ್ಲವಾಗಿ ಬದಲಾಗಿ, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. 2022ರಲ್ಲಿ ಗ್ಯಾಂಬಿಯಾದಲ್ಲಿ ಕೆಮ್ಮಿನ ಸಿರಪ್ ಕುಡಿದ ಮಕ್ಕಳು ಮೂತ್ರಪಿಂಡ ಹಾಳಾಗಿ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಆ ಸಿರಪ್‌ಗಳಲ್ಲಿ ಬೆರೆತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದ್ದು ಡೈಎಥಿಲೀನ್ ಗ್ಲೈಕಾಲ್ ಮತ್ತು ಇದೇ ಎಥಿಲೀನ್ ಗ್ಲೈಕಾಲನ್ನು.

ಯಾರಾದರೂ ಕುಡಿದಿದ್ದಾರೆ ಎಂಬ ಅನುಮಾನ ಬಂದರೂ ಲಕ್ಷಣಗಳಿಗಾಗಿ ಕಾಯಬೇಡಿ. ಬೇಗ ಆಸ್ಪತ್ರೆ ಸೇರಿದರೆ ಇದಕ್ಕೆ ಪ್ರತಿವಿಷ ಇದೆ, ಡಯಾಲಿಸಿಸ್ ಇದೆ. ತಡವಾದಷ್ಟೂ ಕಷ್ಟ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ, ಕೂಲಂಟ್ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ಕೂಲಂಟ್ ಯಾವಾಗಲೂ ಅದರದೇ ಡಬ್ಬಿಯಲ್ಲಿ, ಮಕ್ಕಳ ಕೈಗೆಟುಕದ ಕಡೆ ಇರಲಿ. ನೆಲಕ್ಕೆ ಚೆಲ್ಲಿದರೆ ನಾಯಿ ನೆಕ್ಕುವ ಮೊದಲು ಧಾರಾಳವಾಗಿ ನೀರು ಹೊಯ್ದು ತೊಳೆಯಿರಿ.

ಹಾಕಿಸಲೇಬೇಕೆಂದರೆ

ಕಾರುಗಳಿಗೆಂದೇ ಮಾಡಿದ ರಿಸರ್ವ್ ಟ್ಯಾಂಕ್ ತನ್ನಿ. ಬಿಡಿಭಾಗಗಳ ಅಂಗಡಿಯಲ್ಲಿ ಸಣ್ಣ ಕಾರುಗಳ ಟ್ಯಾಂಕ್ ಸುಲಭವಾಗಿ ಸಿಗುತ್ತದೆ, ಒಂದು ಲೀಟರಿನ ಆಸುಪಾಸಿನದು ಸಾಕು. ಕೇಳುವಾಗ ಒಂದು ವ್ಯತ್ಯಾಸ ನೆನಪಿಡಿ. ನಮಗೆ ಬೇಕಾದ ಟ್ಯಾಂಕಿನೊಳಗೆ ಒತ್ತಡ ಇರುವುದಿಲ್ಲ, ಅದರ ಮುಚ್ಚಳದಲ್ಲಿ ಗಾಳಿಗೆ ಸಣ್ಣ ದಾರಿ ಇರುತ್ತದೆ, ಇರಲೇಬೇಕು. ಈಗಿನ ಅನೇಕ ಕಾರುಗಳಲ್ಲಿ ರೇಡಿಯೇಟರ್ ಮೇಲೆ ಮುಚ್ಚಳವೇ ಇಲ್ಲದೆ, ಒತ್ತಡದ ಮುಚ್ಚಳ ಆ ಪ್ಲಾಸ್ಟಿಕ್ ಟ್ಯಾಂಕಿನ ಮೇಲೆಯೇ ಇರುತ್ತದೆ. ಅದು ಬೇರೆ ವ್ಯವಸ್ಥೆ. ಅದನ್ನು ತಂದು ಹಳೇ ಕಾರಿನ ಸಣ್ಣ ಪೈಪಿಗೆ ಸಿಕ್ಕಿಸಿದರೆ ಕೆಲಸ ಕೆಡುತ್ತದೆ.

ಟ್ಯಾಂಕನ್ನು ರೇಡಿಯೇಟರ್ ಬಾಯಿಯ ಹತ್ತಿರ, ಹೆಚ್ಚು ಕಡಿಮೆ ಅದೇ ಎತ್ತರದಲ್ಲಿ, ಸೈಲೆನ್ಸರ್ ಕೊಳವೆಯ ಬಿಸಿ ತಾಗದ ಜಾಗದಲ್ಲಿ ಕ್ಲಾಂಪ್ ಹಾಕಿ ಕೂರಿಸಿ. ಪೈಪ್ ಟ್ಯಾಂಕಿನ ತಳದವರೆಗೆ ಮುಟ್ಟಬೇಕು ಮತ್ತು ಕಾರು ತಣ್ಣಗಿದ್ದಾಗಲೂ ಅದರ ತುದಿ ದ್ರವದಲ್ಲಿ ಮುಳುಗಿರಬೇಕು. ತುದಿ ಮೇಲೆ ನೇತಾಡುತ್ತಿದ್ದರೆ ಮತ್ತೆ ಗಾಳಿಯೇ ಒಳಗೆ ಹೋಗುತ್ತದೆ. ಎರಡೂ ಕಡೆ ಕ್ಲಿಪ್ ಹಾಕಿ ಬಿಗಿ ಮಾಡಿ, ಎಲ್ಲೂ ಮಡಚಿಕೊಳ್ಳದಂತೆ ನೋಡಿಕೊಳ್ಳಿ. ಟ್ಯಾಂಕನ್ನು ಮೂರನೇ ಒಂದು ಭಾಗ ತುಂಬಿಸಿ. ಮಿಕ್ಕಿದ್ದು ಹಿಗ್ಗುವ ನೀರಿಗೆ ಬಿಟ್ಟ ಜಾಗ. ರೇಡಿಯೇಟರನ್ನು ಮಾತ್ರ ಈ ಸಲ ಬಾಯಿಯವರೆಗೆ ತುಂಬಿಸಬೇಕು, ಎರಡು ಬೆರಳಿನ ಲೆಕ್ಕ ಇಲ್ಲಿಗೆ ಮುಗಿಯಿತು.

ಮುಚ್ಚಳದ ವಿಷಯಕ್ಕೆ ಬಂದರೆ, ಎರಡು ರಬ್ಬರ್ ಇರುವುದನ್ನೇ ತನ್ನಿ, ಆದರೆ ಹಳೇ ಮುಚ್ಚಳದ ಮೇಲೆ ಒತ್ತಿರುವ ಒತ್ತಡದ ಅಂಕಿಯೇ ಹೊಸದರ ಮೇಲೂ ಇರಲಿ. ಹೆಚ್ಚು ಒತ್ತಡದ್ದು ಹಾಕಿದರೆ ಹೆಚ್ಚು ಒಳ್ಳೆಯದು ಎಂಬ ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತಿದೆ. ಈಗಿನ ಕಾರುಗಳ 15 ಪಿಎಸ್‌ಐ ಆಸುಪಾಸಿನ ಒತ್ತಡವನ್ನು ಮೂವತ್ತು ನಲವತ್ತು ವರ್ಷದ ಬೆಸುಗೆ, ಹೋಸ್ ತಡೆಯುತ್ತವೆ ಎಂದು ನಂಬಬೇಡಿ. ಹೊಸ ಮುಚ್ಚಳ ಬಾಯಿಯ ಆಳಕ್ಕೆ ಸರಿಯಾಗಿ ಕೂರುತ್ತದೆಯೇ ಎಂದೂ ನೋಡಬೇಕು. ಕೆಳಗಿನ ರಬ್ಬರ್ ತನ್ನ ಪೀಠಕ್ಕೆ ತಾಗದಿದ್ದರೆ ಒತ್ತಡವೇ ನಿಲ್ಲುವುದಿಲ್ಲ.

ಎಲ್ಲ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಟ್ಯಾಂಕಿನ ಮೇಲೆ ಪೆನ್ನಿನಲ್ಲಿ ಗೀಟು ಎಳೆಯಿರಿ. ಒಂದಿಷ್ಟು ದೂರ ಓಡಿಸಿ ಬಂದಾಗ ಮಟ್ಟ ಗೀಟಿಗಿಂತ ಮೇಲಿರಬೇಕು. ರಾತ್ರಿ ಕಳೆದು ಪೂರ್ತಿ ತಣಿದ ಮೇಲೆ ಗೀಟಿನ ಹತ್ತಿರ ವಾಪಸ್ ಬಂದಿರಬೇಕು. ಮೊದಲ ಒಂದೆರಡು ಸಲ ಒಳಗಿನ ಗಾಳಿ ಹೊರಬಿದ್ದು ಮಟ್ಟ ಗೀಟಿಗಿಂತ ಕೆಳಗಿಳಿಯಬಹುದು, ಅಷ್ಟನ್ನು ಟ್ಯಾಂಕಿಗೆ ಹಾಕಿ. ಏರಿದ್ದು ಇಳಿಯದಿದ್ದರೆ ಮುಚ್ಚಳ ಅಥವಾ ಪೈಪಿನಲ್ಲಿ ಗಾಳಿ ನುಸುಳುತ್ತಿದೆ. ದಿನದಿನವೂ ಇಳಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ. ಎಂಜಿನ್ ಓಡುವಾಗ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ಟ್ಯಾಂಕ್ ಇದ್ದರೂ ತಿಂಗಳಿಗೊಮ್ಮೆ, ಕಾರು ತಣ್ಣಗಿರುವಾಗ, ರೇಡಿಯೇಟರ್ ಮುಚ್ಚಳ ತೆಗೆದು ಒಳಗೂ ನೋಡಿ.

ಬಿಸಿ ಇರುವಾಗ ಮುಚ್ಚಳ ತೆಗೆದರೆ

ಘಾಟಿಯಲ್ಲಿ ಕಾರು ಕುದಿದು ನಿಂತಾಗ ಮುಚ್ಚಳಕ್ಕೆ ಬಟ್ಟೆ ಸುತ್ತಿ ತಿರುಗಿಸುವವರನ್ನು ನಾನೇ ನೋಡಿದ್ದೇನೆ. ಒಳಗಿನ ನೀರು 110 ಡಿಗ್ರಿಯ ಆಸುಪಾಸಿನಲ್ಲಿದ್ದೂ ಕುದಿಯದೆ ಇರುವುದು ಒತ್ತಡ ಇರುವವರೆಗೆ ಮಾತ್ರ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗುತ್ತದೆ, ನೀರಿನ ಒಂದು ಪಾಲು ಒಮ್ಮೆಲೇ ಆವಿಯಾಗುತ್ತದೆ. ಏಳು ಲೀಟರಿನಲ್ಲಿ ಶೇ. 2ರಷ್ಟು ಆವಿಯಾದರೂ ಅದರ ಗಾತ್ರ 200 ಲೀಟರ್ ದಾಟುತ್ತದೆ. ಒಂದು ಡ್ರಮ್ಮಿನಷ್ಟು ಆವಿ, ಕುದಿನೀರನ್ನೂ ಎತ್ತಿಕೊಂಡು, ಆ ಸಣ್ಣ ಬಾಯಿಯಿಂದ ನಿಮ್ಮ ಮುಖದ ಕಡೆ ಬರುತ್ತದೆ. ಬಟ್ಟೆ ಇದನ್ನು ತಡೆಯುವುದಿಲ್ಲ.

ಎಂಜಿನ್ ನಿಲ್ಲಿಸಿ, ಸುಮ್ಮನೆ ಕಾಯಿರಿ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣಿದು, ಹಿಚುಕಿದರೆ ಮೆತ್ತಗಾಗುವವರೆಗೆ ಮುಚ್ಚಳ ಮುಟ್ಟಬೇಡಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ಆದರೂ ಆಗಲಿ. ಸುಡುತ್ತಿರುವ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಅಕಸ್ಮಾತ್ ಯಾರಿಗಾದರೂ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸ್, ಟೂತ್‌ಪೇಸ್ಟ್, ಅರಿಶಿನ, ಎಣ್ಣೆ ಏನನ್ನೂ ಹಚ್ಚಬೇಡಿ. ಮುಖ, ಕಣ್ಣಿಗೆ ತಾಗಿದ್ದರೆ ನೀರು ಹಾಕುತ್ತಲೇ ಆಸ್ಪತ್ರೆಗೆ ಹೊರಡಿ.

ದೊಡ್ಡಪ್ಪನ ಕಾರಿಗೆ ಗ್ಯಾರೇಜಿನ ಮೇಸ್ತ್ರಿ ಮೊದಲು ಬೆಲ್ಟ್ ಬಿಗಿ ಮಾಡಿದರು, ಆಮೇಲೆ ಎರಡು ರಬ್ಬರಿನ ಮುಚ್ಚಳ ಹಾಕಿದರು, ಕೊನೆಗೆ ಬಾಟಲಿ ಕಿತ್ತು ಸರಿಯಾದ ಟ್ಯಾಂಕ್ ಕೂರಿಸಿದರು. ಈಗ ದಿನಾ ಬೆಳಗ್ಗೆ ಆ ಟ್ಯಾಂಕಿನ ಗೀಟಿನ ಫೋಟೋ ನನಗೆ ಬರುತ್ತದೆ. ಕಿಟಕಿಯ ಮೇಲಿದ್ದ ಹಸಿರು ಬಾಟಲಿಯನ್ನು ದೊಡ್ಡಮ್ಮ ಅವತ್ತೇ ತೆಗೆಸಿದರು. ಅದರಲ್ಲಿ ಏನಿತ್ತು ಎಂದು ಅಷ್ಟು ವರ್ಷ ಅವರಿಗೂ ಯಾರೂ ಹೇಳಿರಲಿಲ್ಲವಂತೆ.